ಕೃಷ್ಣ ಕಿಟ್ಟಪ್ಪನಾದ ದಾರಿ

ರಾಷ್ಟ್ರಕೂಟರ ಮೂರನೆಯ ಕೃಷ್ಣ (ಆಳ್ವಿಕೆ 939–967) ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದವನು. ತಮಿಳುನಾಡಿನ ಶಾಸನಗಳಲ್ಲಿ ಅವನು ‘ಕಚ್ಚಿಯುಂ ತಂಜೈಯುಂ ಕೊಂಡ ಕನ್ನರದೇವ’, ಎಂದರೆ ಕಂಚಿಯನ್ನೂ ತಂಜಾವೂರನ್ನೂ ಗೆದ್ದುಕೊಂಡ ಕನ್ನರದೇವ. ಈ ಕನ್ನರ, ತಮಿಳರ ಕಣ್ಣನ್, ಹಿಂದಿಯ ಕನ್ಹಯ್ಯ, ಮರಾಠಿಯ ಕಾನ್ಹೋಜಿ, ಬಂಗಾಳದ ಕಾನಾಯಿ ಮತ್ತು ನಮ್ಮ ಕಿಟ್ಟಪ್ಪ, ಇವರೆಲ್ಲರ ಹೆಸರಿನ ಮೂಲ ಒಂದೇ. ಇಂಥ ರೂಪಗಳನ್ನು ಸಂಸ್ಕೃತ ಬಾರದವರ ತಪ್ಪು ಉಚ್ಚಾರವೆಂದು ತಳ್ಳಿಹಾಕುವುದು ಇಂದಿಗೂ ರೂಢಿಯಲ್ಲಿದೆ. ಆದರೆ ಈ ಬದಲಾವಣೆಗಳ ಹಿಂದೆ ನಿಯಮವಿದೆ, ಮತ್ತು ಆ ನಿಯಮವನ್ನು ಹಿಡಿದು ಹೊರಟರೆ ಒಂದು ಹೆಸರು ಯಾವ ದಾರಿಯಿಂದ ನಮ್ಮಲ್ಲಿಗೆ ಬಂತೆಂದು ಹೇಳಬಹುದು.

ಕೃಷ್ಣನ ಹೆಸರು ಎರಡು ದಾರಿಗಳಲ್ಲಿ ಸಾಗಿದೆ. ಹಳೆಯದು ಪ್ರಾಕೃತದ ದಾರಿ. ಅಲ್ಲಿ ‘ಷ್ಣ’ದೊಳಗಿನ ಷಕಾರ ಹಕಾರವಾಗಿ, ಎರಡು ಧ್ವನಿಗಳು ಸ್ಥಾನ ಬದಲಿಸಿಕೊಂಡು ‘ಕಣ್ಹ’ ಎಂಬ ರೂಪ ಹುಟ್ಟಿತು. ಕನ್ಹಯ್ಯ, ಕಾನ್ಹೋಜಿಗಳಲ್ಲಿ ಆ ಹಕಾರ ಉಳಿದಿದೆ, ಕಣ್ಣನ್ ಮತ್ತು ಕನ್ನರರಲ್ಲಿ ಕರಗಿದೆ. ಎರಡನೆಯ ದಾರಿಯನ್ನು ಯಾರು ಬೇಕಾದರೂ ತಮ್ಮ ಬಾಯಲ್ಲೇ ಪರೀಕ್ಷಿಸಬಹುದು. ‘ಕೃಷ್ಣ’ ಎಂದು ನಿಧಾನವಾಗಿ ಹೇಳಿ ನೋಡಿ. ಷಕಾರ ಹೊರಡುವಾಗ ಉಸಿರು ಬಾಯಿಂದಷ್ಟೇ ಬರುತ್ತದೆ, ಮೂಗಿನ ದಾರಿ ಮುಚ್ಚಿರುತ್ತದೆ. ಣಕಾರಕ್ಕೆ ನಾಲಿಗೆ ಮೇಲಕ್ಕೆ ತಾಗುವ ಹೊತ್ತಿಗೆ ಸರಿಯಾಗಿ ಮೂಗಿನ ದಾರಿ ತೆರೆಯಬೇಕು. ಅದು ತುಸು ತಡವಾದರೆ ಅದೇ ಜಾಗದಲ್ಲಿ ಹುಟ್ಟುವ ಟಕಾರ ಕೇಳಿಸುತ್ತದೆ. ಬಂಗಾಳಿಗಳ ಆಡುಮಾತಿನಲ್ಲಿ ಕೃಷ್ಣ ‘ಕೇಷ್ಟೊ’ ಆದದ್ದೂ, ಕನ್ನಡದಲ್ಲಿ ಷಕಾರವೂ ಟಕಾರದಲ್ಲಿ ಬೆರೆತು ‘ಕಿಟ್ಟ’ ಆದದ್ದೂ ಹೀಗೆ.

ವಿಷ್ಣುವಿನ ಹೆಸರಿಗೂ ಇದೇ ಆಯಿತು. ಬಂಗಾಳಿಯಲ್ಲಿ ಅದು ‘ಬಿಷ್ಟು’, ಕನ್ನಡದಲ್ಲಿ ‘ಬಿಟ್ಟಿ’. ಪದದ ಮೊದಲಲ್ಲಿ ಬರುವ ವಕಾರ ಬಕಾರವಾಗುವುದು ಎರಡೂ ಭಾಷೆಗಳಲ್ಲಿ ಬೇರೆ ಬೇರೆಯಾಗಿ ನಡೆದ ಬದಲಾವಣೆ. ಒಂದು ಇನ್ನೊಂದರಿಂದ ಕಲಿತದ್ದಲ್ಲ. ಹೊಯ್ಸಳ ಬಿಟ್ಟಿದೇವನು ವೈಷ್ಣವನಾದ ಮೇಲೆ ಹೆಸರು ಬದಲಿಸಿಕೊಂಡು ವಿಷ್ಣುವರ್ಧನನಾದನೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಬಿಟ್ಟಿ ಎಂಬುದೇ ವಿಷ್ಣುವಿನ ತದ್ಭವವಾದ್ದರಿಂದ, ಹೆಸರನ್ನಷ್ಟೇ ಸಾಕ್ಷಿಯಾಗಿಟ್ಟುಕೊಂಡು ಮತಾಂತರವನ್ನು ಸಾಧಿಸಲಾಗದು ಎಂದೇ ನನ್ನ ಅಭಿಪ್ರಾಯ. ‘ವೃಷಭ’ವು ಪ್ರಾಕೃತದ ‘ವಸಹ’ವಾಗಿ, ಕನ್ನಡದ ‘ಬಸವ’ನಾದದ್ದರಲ್ಲಿಯೂ ಇದೇ ಬಕಾರವಿದೆ. ಬ್ರಹ್ಮ ಬೊಮ್ಮನಾದ, ಲಕ್ಷ್ಮಿ ಲಕ್ಕಿಯಾದಳು, ಅವರಿಂದ ಬೊಮ್ಮಯ್ಯ, ಲಕ್ಕಮ್ಮ, ಲಕ್ಕವ್ವರು ಬಂದರು. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ತಮಿಳಿನ ಕಟ್ಟಳೆ ಬೇರೆ. ಅಲ್ಲಿ ರಕಾರ, ಲಕಾರಗಳಿಂದ ಪದ ಆರಂಭವಾಗಬಾರದೆಂಬ ಹಳೆಯ ನಿಯಮವಿರುವುದರಿಂದ ರಾಮ ‘ಇರಾಮನ್’ ಆದ, ಲಕ್ಷ್ಮಣ ‘ಇಲಕ್ಕುಮಣನ್’ ಆದ, ರಂಗ ‘ಅರಂಗನ್’ ಆದ.

ಭಾರತದ ಹೊರಗಿನಿಂದ ಬಂದ ಹೆಸರುಗಳೂ ಈ ನೆಲದ ಬಾಯಿಗೆ ಒಗ್ಗಿಕೊಂಡೇ ಉಳಿದವು. ಕೇರಳದ ಕ್ರೈಸ್ತರಲ್ಲಿ ಸಾಮಾನ್ಯವಾದ ವರ್ಗೀಸ್ ಎಂಬುದು ಸಿರಿಯಾಕ್ ಭಾಷೆಯ ಮೂಲಕ ಬಂದ ಜಾರ್ಜ್, ಚಾಕೊ ಎಂಬುದು ಯಾಕೋಬ. ಉತ್ತರ ಕರ್ನಾಟಕದಲ್ಲಿ ಅರಬ್ಬಿ ಮೂಲದ ‘ಫಕೀರ’ಕ್ಕೆ ಕನ್ನಡದ ‘ಅಪ್ಪ’ ಸೇರಿ ಫಕೀರಪ್ಪ ಆಗಿದೆ, ಹುಸೇನ್‌ಗೆ ಸೇರಿ ಹುಸೇನಪ್ಪ ಆಗಿದೆ. ಸೂಫಿ ಸಂತರ ದರ್ಗಾಗಳಿಗೂ ಮೊಹರಮ್ಮಿನ ಅಲಾಯಿ ದೇವರುಗಳಿಗೂ ನಡೆದುಕೊಳ್ಳುವ ಹಿಂದೂ ಮನೆಗಳಲ್ಲಿ ಈ ಹೆಸರುಗಳನ್ನು ಇಂದಿಗೂ ಕೇಳಬಹುದು.