ಬೇರಿಂಗ್ ಬದಲಿಸುವ ಮೊದಲು ಫಿಲ್ಟರ್ ಕತ್ತರಿಸಿ ನೋಡಿ

ಪೋರ್ಷೆಯ ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ ಮತ್ತು 996 ಸರಣಿಯ 911 ಎಂಬ ಸ್ಪೋರ್ಟ್ಸ್ ಕಾರುಗಳನ್ನು ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರಲ್ಲಿ ನಮ್ಮ ಕನ್ನಡದ ಹುಡುಗರೂ ಇದ್ದಾರೆ. ಕೊಂಡ ಮೇಲೆ ಕೇಳುವ ಪ್ರಶ್ನೆ ಒಂದೇ: "ಐಎಂಎಸ್ ಬೇರಿಂಗ್ ಹೋಗುತ್ತಂತೆ, ಹೌದಾ ಸಾರ್?" ಹೋಗುತ್ತದೆ. ಆದರೆ ನಿಂತುಹೋದ ಪ್ರತಿ ಇಂಜಿನ್ನಿಗೂ ಅದೇ ಕಾರಣವಲ್ಲ. ಒಡೆದ ಮೇಲೆ ಬರೀ ಬೇರಿಂಗ್ ಬದಲಿಸಿದರೆ ಅದು ರಿಪೇರಿಯೂ ಅಲ್ಲ.

ಈ ಆರು ಸಿಲಿಂಡರ್ ಇಂಜಿನ್ನಿನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್, ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಅದರ ಕೆಳಗೆ ಇನ್ನೊಂದು ಶಾಫ್ಟ್ ಇದೆ. ಅದೇ ಇಂಟರ್‌ಮೀಡಿಯೇಟ್ ಶಾಫ್ಟ್, ಚಿಕ್ಕದಾಗಿ ಐಎಂಎಸ್. ಕ್ರ್ಯಾಂಕಿನಿಂದ ಅದಕ್ಕೆ ಒಂದು ಚೈನ್, ಅಲ್ಲಿಂದ ಕ್ಯಾಮ್ ಕೂತಿರುವ ಎರಡೂ ಬದಿಯ ಹೆಡ್‌ಗಳಿಗೆ ಬೇರೆ ಚೈನ್. ಶಾಫ್ಟಿನ ಫ್ಲೈವೀಲ್ ಕಡೆಯ ತುದಿ ಒಂದು ಬಾಲ್ ಬೇರಿಂಗ್ ಮೇಲೆ ಕೂತಿದೆ. ಗ್ರೀಸ್ ತುಂಬಿ ಸೀಲ್ ಮಾಡಿದ ಬೇರಿಂಗ್ ಅದು.

ಕಾಟ ಶುರುವಾಗುವುದು ಆ ಸೀಲಿನಿಂದಲೇ. ಬಿಸಿ ಆಯಿಲಿನಲ್ಲಿ ವರ್ಷಗಟ್ಟಲೆ ನೆನೆದು ಸೀಲ್ ಪೆಡಸಾಗುತ್ತದೆ. ಆಯಿಲ್ ಒಳಗೆ ನುಸುಳಿ ಗ್ರೀಸನ್ನು ತೊಳೆದುಹಾಕುತ್ತದೆ. ನುಸುಳಿದ ಆಯಿಲ್ ಅಲ್ಲೇ ಕೊಳೆಯುತ್ತದೆ, ಹೊಸದು ಬರಲು ದಾರಿ ಇಲ್ಲ. ಅದರೊಳಗೆ ತೇವ, ಪೆಟ್ರೋಲಿನ ಅಂಶ ಬೇರೆ. ಕೊನೆಗೆ ಗುಂಡುಗಳ ಮೇಲೆ ಗುಳಿ ಬೀಳುತ್ತದೆ. ಸುಮ್ನೆ ಶೆಡ್ಡಿನಲ್ಲಿ ನಿಲ್ಲಿಸಿ, ಆಗಾಗ ಅಂಗಡಿವರೆಗೆ ಮೆಲ್ಲಗೆ ಹೋಗಿಬರುವ ಗಾಡಿಗೇ ಇದರ ಭಯ ಜಾಸ್ತಿ. ಮಾಲೀಕರಿಗೆ ಈ ಮಾತು ಹೇಳಿದರೆ ಸುಲಭಕ್ಕೆ ನಂಬುವುದಿಲ್ಲ.

ಎಲ್ಲ ವರ್ಷದ ಗಾಡಿಗೂ ಒಂದೇ ಅಪಾಯವಿಲ್ಲ. ಮೊದಮೊದಲು ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000ದ ಆಸುಪಾಸಿನಿಂದ 2005ರವರೆಗೆ ಒಂದೇ ಸಾಲಿನದು ಬಂತು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಗೆ ಬಂತು. ಆಗ ಹೊರಬಿದ್ದ ಲೆಕ್ಕದಲ್ಲಿ ಒಂದು ಸಾಲಿನದು ನೂರಕ್ಕೆ ಸುಮಾರು 8 ಕೆಟ್ಟಿದ್ದರೆ, ಎರಡು ಸಾಲಿನದು ನೂರಕ್ಕೆ 1ಕ್ಕಿಂತ ಕಡಿಮೆ. ಆ ಕಾಲದ 911ರ ಟರ್ಬೊ ಮತ್ತು ಜಿಟಿ3 ಮಾದರಿಗಳಿಗೆ ಈ ಚಿಂತೆ ಇಲ್ಲ. ಅವುಗಳ ಇಂಜಿನ್ನೇ ಬೇರೆ, ಪೋರ್ಷೆಯ ಇಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ಹೆಸರಿನದು. 2009ರ ಮಾದರಿಯಿಂದ ಆ ಶಾಫ್ಟನ್ನೇ ತೆಗೆದುಹಾಕಿದರು.

ಈಗ, ಗಾಡಿ ನಿಂತಿದೆ ಅನ್ನೋಣ. ಒಳಗೆ ಕಲ್ಲು ಉರುಳಿದ ಹಾಗೆ ಸದ್ದು ಬಂತು, ಆಫ್ ಆಯಿತು. ದಯವಿಟ್ಟು ಮತ್ತೆ ಸೆಲ್ಫ್ ಹೊಡೆಯಬೇಡಿ. ಬೇರಿಂಗ್ ಒಡೆದು ಶಾಫ್ಟ್ ಅಲ್ಲಾಡಿ ಚೈನ್ ಹಲ್ಲು ಜಾರಿದ್ದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಉಳಿದಿರುವ ವಾಲ್ವುಗಳೂ ಆ ಒಂದು ಪ್ರಯತ್ನದಲ್ಲಿ ಬಾಗಬಹುದು. ಟೋ ಮಾಡಿಸಿ ತನ್ನಿ.

ಲಿಫ್ಟಿಗೆ ಏರಿಸಿದ ಮೇಲೆ ಸ್ಕ್ಯಾನರಿಗಿಂತ ಮುಂಚೆ ನನಗೆ ಬೇಕಾದದ್ದು ಆಯಿಲ್ ಫಿಲ್ಟರ್. ಅದರ ಕಾಗದವನ್ನು ಕತ್ತರಿಸಿ, ಮಡಿಕೆ ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಬೇಕು. ಅಯಸ್ಕಾಂತಕ್ಕೆ ಅಂಟುವ ಹೊಳಪಿನ ಚೂರು ಇದ್ದರೆ ಉಕ್ಕು, ಬೇರಿಂಗಿನ ಮೇಲೆ ಅನುಮಾನ. ಜೊತೆಗೆ ಕಪ್ಪು ಸೀಲಿನ ತುಣುಕು ಸಿಕ್ಕರೆ ಅನುಮಾನ ಗಟ್ಟಿ. ಕಂದು ಪ್ಲಾಸ್ಟಿಕ್ ಚೂರಾದರೆ ಚೈನ್ ಗೈಡಿನದು, ಅದು ಬೇರೆ ಕಥೆ. ಅಂಟದ ಬಿಳಿ ಹೊಳಪು ಅಲ್ಯೂಮಿನಿಯಂ, ಆಗ ಸಿಲಿಂಡರ್ ಮತ್ತು ಪಿಸ್ಟನ್ ಕಡೆ ನೋಡಬೇಕು. ಫಿಲ್ಟರ್ ಚೊಕ್ಕ ಇದೆ ಅಂತ ಅಲ್ಲಿಗೇ ಬಿಡುವ ಹಾಗಿಲ್ಲ. ಆಯಿಲ್ ತಣ್ಣಗಿದ್ದು ದಪ್ಪವಾಗಿದ್ದಾಗ ಬೈಪಾಸ್ ವಾಲ್ವ್ ತೆರೆದು ಕಸ ಫಿಲ್ಟರಿಗೆ ಬರದೇ ಹೋಗಬಹುದು. ಅದಕ್ಕೇ ಇಂಜಿನ್ನಿನ ತಳದ ಆಯಿಲ್ ತಟ್ಟೆ, ಅಂದರೆ ಸಂಪ್ ಕೂಡ ಇಳಿಸುತ್ತೇನೆ. ಆಮೇಲೆ ಹೆಡ್ಡಿನ ತುದಿಯ ಹಸಿರು ಮುಚ್ಚಳ ತೆಗೆದು ಕ್ಯಾಮ್ ಟೈಮಿಂಗ್ ನೋಡುವುದು, ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯಲ್ಲಿ ವಾಲ್ವ್ ಗುರುತು ಹುಡುಕುವುದು.

ಹೀಗೆ ನೋಡದೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಬಿಳಿ ಹೊಗೆ. ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ಹೊಗೆ ಬಂದರೆ ಯಾರಾದರೂ ಇಂಜಿನ್ ಮುಗಿಯಿತು ಅಂದುಕೊಳ್ಳುತ್ತಾರೆ, ಅಲ್ವಾ? ಎಷ್ಟೋ ಸಲ ಕೆಟ್ಟಿರುವುದು ಇಂಜಿನ್ನಿನೊಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಮಾತ್ರ. ಅದರೊಳಗಿನ ಡಯಾಫ್ರಂ ಹರಿದು, ಇಂಜಿನ್ ತನ್ನ ಆಯಿಲನ್ನು ತಾನೇ ಎಳೆದುಕೊಂಡು ಸುಡುತ್ತಿರುತ್ತದೆ. ಐಡಲ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆಯಲು ನೋಡಿ. ಒಳಗಿನ ಎಳೆತಕ್ಕೆ ಮುಚ್ಚಳ ಏಳಲಾರದಷ್ಟು ಬಿಗಿದಿದ್ದರೆ ಮೊದಲ ಅನುಮಾನ ಅದರ ಮೇಲೆ. ಇಂಜಿನ್ ಬಿಚ್ಚುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಬೇರಿಂಗ್ ಇನ್ನೂ ಒಡೆದಿಲ್ಲ, ಫಿಲ್ಟರೂ ಸಂಪೂ ಚೊಕ್ಕ ಅಂದರೆ ಕೆಲಸ ನೇರ. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಬೇಕು. ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಲಾಕ್ ಮಾಡಿ, ಚೈನ್ ಟೆನ್ಷನರ್ ತೆಗೆದ ಮೇಲೆಯೇ ಬೇರಿಂಗ್ ಮುಚ್ಚಳಕ್ಕೆ ಕೈ ಹಾಕಬೇಕು. ಅವಸರ ಮಾಡಿದರೆ ಚೈನ್ ಶಾಫ್ಟನ್ನು ಪಕ್ಕಕ್ಕೆ ಎಳೆದು ಟೈಮಿಂಗ್ ತಪ್ಪುತ್ತದೆ. ಹೊಸದಾಗಿ ಸೀಲ್ ಇಲ್ಲದ, ಸೆರಾಮಿಕ್ ಗುಂಡಿನ ಬೇರಿಂಗ್ ಹಾಕಬಹುದು. ಆಯಿಲ್ ಪೈಪ್ ಕೊಟ್ಟು, ಗುಂಡುಗಳೇ ಇಲ್ಲದ ಪ್ಲೇನ್ ಬೇರಿಂಗ್ ಹಾಕುವ ದಾರಿಯೂ ಇದೆ. ಹೇಗೂ ಬಿಚ್ಚಿದ್ದೀರಿ, ಕ್ಲಚ್ ಮತ್ತು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಆಗಲೇ ಬದಲಿಸಿ.

ಉಕ್ಕಿನ ಚೂರು ಸಿಕ್ಕಿತೋ, ಲೆಕ್ಕವೇ ಬೇರೆ. ಅದು ಅಷ್ಟು ಹೊತ್ತಿಗೆ ಆಯಿಲ್ ಕೂಲರ್, ಲಿಫ್ಟರ್, ಕ್ಯಾಮ್ ಅಡ್ಜಸ್ಟರ್, ಕ್ರ್ಯಾಂಕಿನ ಆಯಿಲ್ ದಾರಿ ಎಲ್ಲಾ ಕಡೆ ಹೋಗಿರುತ್ತದೆ. ಎರಡು ಸಲ ಆಯಿಲ್ ಬದಲಿಸಿ ತೊಳೆದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂರ್ತಿ ಬಿಚ್ಚಿ, ತೊಳೆದು, ಅಳತೆ ನೋಡಿ ಕಟ್ಟಬೇಕು. ಆ ಬಿಲ್ ಕೆಲವೊಮ್ಮೆ ಗಾಡಿಯ ಬೆಲೆಯನ್ನೇ ದಾಟುತ್ತದೆ.

ಅದಕ್ಕೇ ಕೆಲವರು ಅಪಘಾತದ ಗಾಡಿಯಿಂದ ತೆಗೆದ ಹಳೆ ಇಂಜಿನ್ ಹುಡುಕುತ್ತಾರೆ. ಅದೂ ಸರಿಯೇ. ಗೇರ್‌ಬಾಕ್ಸ್ ಜೋಡಿಸುವ ಮೊದಲೇ ಅದರ ಫಿಲ್ಟರ್ ನೋಡಿ ಬೇರಿಂಗ್ ಬದಲಿಸಿಬಿಡಿ, ಕೂಲಿ ಬಹಳ ಉಳಿಯುತ್ತದೆ. 2006ರಿಂದ 2008ರದ್ದಾದರೆ ಮಾತ್ರ ಹಾಗಾಗದು. ಆ ಬೇರಿಂಗ್ ದೊಡ್ಡದು, ಕೆಡುವುದೂ ಕಡಿಮೆ, ಆದರೆ ಇಂಜಿನ್ನಿನ ಹೊರಕವಚವಾದ ಕೇಸ್ ಎರಡು ಹೋಳು ಮಾಡದೆ ಹೊರಗೆ ಬರುವುದಿಲ್ಲ. ಅದರ ಹೊರಗಿನ ಸೀಲನ್ನು ಮಾತ್ರ ಎಬ್ಬಿ ತೆಗೆದು, ಆಯಿಲ್ ಒಳಗೆ ಹೋಗಿ ಬರುವ ಹಾಗೆ ಮಾಡಿ ಮುಚ್ಚುತ್ತೇನೆ.