ಮಸುಕಿಗೆ ಕಾರಣ ದೂರ: ಸಣ್ಣ ಸ್ತನ ಗಂಟುಗಳ ಗಾಮಾ ಚಿತ್ರಣ

ಮ್ಯಾಮೊಗ್ರಾಂನಲ್ಲಿ ಏನೂ ಕಾಣಲಿಲ್ಲ ಎಂದರೆ ಏನೂ ಇಲ್ಲ ಎಂದುಕೊಳ್ಳುವವರೇ ಹೆಚ್ಚು. ಗ್ರಂಥಿಗಳು ಒತ್ತಾಗಿರುವ ಸ್ತನದ ಮಟ್ಟಿಗೆ ಈ ನೆಮ್ಮದಿ ಅಪಾಯಕಾರಿ: ಎಕ್ಸ್‌ರೇಯಲ್ಲಿ ಗ್ರಂಥಿಯೂ ಬಿಳಿ, ಗಂಟೂ ಬಿಳಿ. ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 936 ಮಹಿಳೆಯರ ಪೈಕಿ 11 ಮಂದಿಗೆ ಕ್ಯಾನ್ಸರ್ ಇತ್ತು. ಮ್ಯಾಮೊಗ್ರಾಂ ಹಿಡಿದದ್ದು 3, ಗಾಮಾ ಚಿತ್ರಣ ಹಿಡಿದದ್ದು 9. ಎರಡರ ಕಣ್ಣಿಗೂ ಬೀಳದ್ದು ಒಂದು.

ಗಾಮಾ ಚಿತ್ರಣದಲ್ಲಿ ಬೆಳಕು ಹೊರಗಿನಿಂದ ಬರುವುದಿಲ್ಲ, ಗಂಟಿನೊಳಗಿಂದಲೇ ಹೊಮ್ಮುತ್ತದೆ. ಗಾಮಾ ಕಿರಣ ಸೂಸುವ ಟೆಕ್ನೀಶಿಯಂ-99ಎಂ ಬೆರೆತ ಸೆಸ್ಟಮಿಬಿ ಎಂಬ ಔಷಧಿಯನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಹೃದಯದ ರಕ್ತಪೂರೈಕೆ ನೋಡಲೆಂದು ಬಳಕೆಗೆ ಬಂದ ಔಷಧಿ ಇದು. ಧನಾವೇಶದ ಅಣುವಾದ್ದರಿಂದ ಕೋಶಕ್ಕೆ ಶಕ್ತಿ ಒದಗಿಸುವ, ಋಣಾವೇಶವಿರುವ ಮೈಟೊಕಾಂಡ್ರಿಯಾದೊಳಗೆ ಸೇರಿ ಕೂರುತ್ತದೆ. ಭರದಿಂದ ಬೆಳೆಯುವ ಕೋಶಗಳಲ್ಲಿ ಹೆಚ್ಚು. ಟೆಕ್ನೀಶಿಯಂ-99ಎಂನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಆರು ಗಂಟೆ.

ಔಷಧಿ ಹಳೆಯದಾದರೂ ಸಣ್ಣ ಗಂಟುಗಳು ಬಹುಕಾಲ ತಪ್ಪಿಸಿಕೊಂಡವು. ಏಕೆ? ಗಾಮಾ ಕಿರಣವನ್ನು ಮಸೂರದಿಂದ ಬಗ್ಗಿಸಲಾಗದು. ಹಾಗಾಗಿ ಕಿರಣವನ್ನು ಗುರುತಿಸುವ ಡಿಟೆಕ್ಟರ್ ಮುಂದೆ ಸಾವಿರಾರು ರಂಧ್ರಗಳಿರುವ ಸೀಸದ ಫಲಕ, ಅಂದರೆ ಕೊಲಿಮೇಟರ್, ಇಡುತ್ತಾರೆ. ನೇರ ಬಂದ ಕಿರಣ ಒಳಗೆ, ಓರೆಯಾದದ್ದು ಸೀಸಕ್ಕೆ. ಆದರೆ ರಂಧ್ರಕ್ಕೂ ಅಗಲವಿದೆ. ಕೊಳವೆಯನ್ನು ಕಣ್ಣಿಗಿಟ್ಟು ನೋಡಿದರೆ ಗೋಡೆ ಹತ್ತಿರವಿದ್ದಾಗ ಒಂದಿಷ್ಟು ಜಾಗ, ದೂರವಾದಂತೆ ಅಗಲವಾದ ಜಾಗ ಕಾಣುತ್ತದಲ್ಲ, ಪ್ರತಿ ರಂಧ್ರವೂ ಹಾಗೆಯೇ ನೋಡುತ್ತದೆ. ದೂರ ಬೆಳೆದಂತೆ ಮಸುಕೂ ಬೆಳೆಯುತ್ತದೆ. ದೊಡ್ಡ ಕ್ಯಾಮೆರಾಕ್ಕೆ ಗಂಟು ಹತ್ತು ಸೆಂಟಿಮೀಟರ್ ದೂರವಿದ್ದರೆ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟಿನ ಹೊಳಪು ಸುತ್ತಲಿನ ಅಂಗಾಂಶದ ಹೊಳಪಿನಲ್ಲಿ ಕರಗಿಹೋಗುತ್ತದೆ.

ಪರಿಹಾರ ಕ್ಯಾಮೆರಾವನ್ನು ದೊಡ್ಡದು ಮಾಡುವುದಲ್ಲ, ಸ್ತನಕ್ಕೆ ಅಂಟಿಸಿ ನಿಲ್ಲಿಸುವುದು. ಸ್ತನವನ್ನು ಎರಡು ಡಿಟೆಕ್ಟರ್‌ಗಳ ನಡುವೆ ಹಗುರಾಗಿ ಹಿಡಿಯುತ್ತಾರೆ. ದಪ್ಪ 6 ಸೆಂಟಿಮೀಟರ್ ಆದರೆ ಗಂಟು ಎಲ್ಲೇ ಇರಲಿ, ಯಾವುದಾದರೂ ಒಂದು ಡಿಟೆಕ್ಟರ್‌ಗೆ 3 ಸೆಂಟಿಮೀಟರ್ ಒಳಗೇ ಇರುತ್ತದೆ. ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಹರಳು ಗಾಮಾ ಕಿರಣವನ್ನು ನೇರ ವಿದ್ಯುತ್ತಾಗಿಸುತ್ತದೆ. ಹಳೆಯ ಕ್ಯಾಮೆರಾಗಳಲ್ಲಿ ಹರಳಿನ ಬೆಳಕನ್ನು ವಿದ್ಯುತ್ತಾಗಿಸುವ ದಪ್ಪ ನಳಿಕೆಗಳು ಇಲ್ಲಿ ಬೇಡವಾದ್ದರಿಂದ ಅಂಚಿನ ಕುರುಡು ಪಟ್ಟಿ ಕಿರಿದಾಗಿ ಎದೆಗೋಡೆಯ ಹತ್ತಿರದ ಭಾಗವೂ ಹೆಚ್ಚು ಸಿಗುತ್ತದೆ. ಚಿತ್ರದ ಪ್ರತಿ ಚುಕ್ಕಿ 1.6 ಮಿಲಿಮೀಟರ್.

ಚುಚ್ಚಿದ ಐದೇ ನಿಮಿಷಕ್ಕೆ ಚಿತ್ರಣ ಆರಂಭಿಸಬಹುದು. ಪ್ರತಿ ಸ್ತನಕ್ಕೆ ಎರಡು ನೋಟ, ಒಂದೊಂದಕ್ಕೆ ಸುಮಾರು ಹತ್ತು ನಿಮಿಷ. ಸೂಜಿ ನಾಳದಿಂದ ಜಾರಿ ಔಷಧಿ ಚರ್ಮದಡಿ ಸೋರಿದರೆ ಅದೇ ಕಡೆಯ ಕಂಕುಳಿನ ದುಗ್ಧಗ್ರಂಥಿ ಹೊಳೆದು ಸುಳ್ಳು ಭಯ ಹುಟ್ಟಿಸುತ್ತದೆ. ಅನುಮಾನವಿರುವ ಸ್ತನದ ಕಡೆಯ ತೋಳಿಗೆ ಚುಚ್ಚದಿರುವುದು ಇದಕ್ಕೇ. ಮುಟ್ಟಿನ 7ರಿಂದ 14ನೇ ದಿನದೊಳಗೆ ಮಾಡಿದರೆ ಹಿನ್ನೆಲೆ ಹೊಳಪು ಕಡಿಮೆ. ಫೈಬ್ರೊಅಡಿನೋಮಾದಂಥ ನಿರಪಾಯ ಗಂಟೂ ಹೊಳೆಯಬಹುದು. ಔಷಧಿಯನ್ನು ಹೊರದಬ್ಬುವ ಪಿ-ಗ್ಲೈಕೊಪ್ರೋಟೀನ್ ಹೆಚ್ಚಿರುವ ಕ್ಯಾನ್ಸರ್ ಹೊಳೆಯದೆಯೂ ಇರಬಹುದು.

ವಿಕಿರಣದ ಹೆದರಿಕೆಗೆ ಲೆಕ್ಕವೇ ಉತ್ತರ. ಚುಚ್ಚುವ ಔಷಧಿಯ ಪ್ರಮಾಣ 740 ಮೆಗಾಬೆಕ್ವೆರೆಲ್‌ನಿಂದ (ವಿಕಿರಣ ಸೂಸುವಿಕೆಯ ಅಳತೆ) 300ಕ್ಕೆ ಇಳಿದಿದೆ. ಅದರಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 2.4 ಮಿಲಿಸೀವರ್ಟ್, ಸಹಜ ವಿಕಿರಣದ ಜಾಗತಿಕ ವಾರ್ಷಿಕ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಮ್ಯಾಮೊಗ್ರಾಂನದು ಸುಮಾರು 0.5. ಈ ಅಂತರ ಸಣ್ಣದಲ್ಲ. ಔಷಧಿ ಯಕೃತ್ತಿನ ಮೂಲಕ ಕರುಳಿಗಿಳಿಯುವುದರಿಂದ ಹೆಚ್ಚು ಪಾಲು ದೊಡ್ಡಕರುಳಿಗೆ ಬೀಳುತ್ತದೆ. ಹೀಗಾಗಿ ಮ್ಯಾಮೊಗ್ರಾಂ ಬದಲಿಗಲ್ಲ, ಅದು ಸೋಲುವ ಒತ್ತು ಸ್ತನಕ್ಕೆ ಜೊತೆಯಾಗಿ ಇದನ್ನು ಬಳಸುವುದು ಸರಿ. ಹೊಳಪು ಕಂಡ ಜಾಗವನ್ನು ಮೊದಲು ಅಲ್ಟ್ರಾಸೌಂಡ್‌ನಲ್ಲಿ ಹುಡುಕಿ ಬಯಾಪ್ಸಿ ಸೂಜಿ ಹಾಕುತ್ತಾರೆ. ಅಲ್ಲಿ ಸಿಗದಿದ್ದರೆ ಎಂಆರ್‌ಐ.