ಒಳಗೆ ನೀವಿದ್ದರೂ ದೀಪ ಆರುವುದೇಕೆ?

ಬಾತ್‌ರೂಮಿನಲ್ಲಿ ಕೂತಿದ್ದಾಗ ದೀಪ ತಟ್ಟನೆ ಆರುತ್ತದೆ, ಕೈ ಬೀಸಿದರೆ ಮತ್ತೆ ಹತ್ತುತ್ತದೆ. ನಡುರಾತ್ರಿಯಲ್ಲಿ ಯಾರೂ ಇಲ್ಲದ ಪಡಸಾಲೆಯ ದೀಪ ತಾನಾಗಿ ಹತ್ತಿಕೊಳ್ಳುತ್ತದೆ. ಮೋಷನ್ ಸೆನ್ಸರ್ ಹಾಕಿಸಿಕೊಂಡ ಮನೆಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚಾಗಿ ಇವೆರಡೇ. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಹೊಸದು ತಂದು ಹಾಕುತ್ತಾರೆ, ಅದೂ ಹಾಗೇ ಮಾಡುತ್ತದೆ. ಎಷ್ಟೋ ಸಲ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ಆ ಕೆಲಸ ಏನೆಂಬುದನ್ನು ನಾವು ತಪ್ಪು ತಿಳಿದಿರುತ್ತೇವೆ.

ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್) ಸೆನ್ಸರ್ ಮನುಷ್ಯರನ್ನು ಗುರುತಿಸುವುದಿಲ್ಲ. ಅದಕ್ಕೆ ತಿಳಿಯುವುದು ಶಾಖದ ಬದಲಾವಣೆ ಮಾತ್ರ. ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ನಮ್ಮ ಚರ್ಮದಿಂದ ಅವಗೆಂಪು (ಇನ್‌ಫ್ರಾರೆಡ್) ಕಿರಣ ಹೊಮ್ಮುತ್ತಿರುತ್ತದೆ, ಅದರ ತೀವ್ರತೆ 9.5 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಅತಿ ಹೆಚ್ಚು. ಸೆನ್ಸರ್ ಒಳಗೆ ಈ ಕಿರಣಕ್ಕೆ ಸ್ಪಂದಿಸುವ ಎರಡು ಪಟ್ಟಿಗಳಿವೆ. ಒಂದರ ವಿದ್ಯುತ್ ಇನ್ನೊಂದಕ್ಕೆ ವಿರುದ್ಧವಾಗಿರುವಂತೆ ಅವನ್ನು ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನವಾಗಿ ಬಿಸಿಯಾದರೆ ಎರಡೂ ಸಮನಾಗಿ ಬಿಸಿಯಾಗಿ ಲೆಕ್ಕ ಸೊನ್ನೆಯಾಗುತ್ತದೆ. ಯಾರಾದರೂ ಅಡ್ಡಲಾಗಿ ಹಾದುಹೋದರೆ ಮೊದಲು ಒಂದು ಪಟ್ಟಿ, ಆಮೇಲೆ ಇನ್ನೊಂದು ಶಾಖ ಕಾಣುತ್ತದೆ. ಆ ಏರಿಳಿತವೇ ಸಂಕೇತ. ಮೇಲಿರುವ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಹಲವು ಸೀಳುಗಳಾಗಿ ಒಡೆದು ಆ ಪಟ್ಟಿಗಳ ಮೇಲೆ ಬೀಳಿಸುತ್ತದೆ.

ಅಲುಗದೆ ಕೂತವರು ಈ ಸೆನ್ಸರ್‌ಗೆ ಕಾಣದಿರುವುದು ಇದಕ್ಕೇ. ನೇರವಾಗಿ ಅದರತ್ತ ನಡೆದು ಬರುವವರೂ ತಡವಾಗಿ ಕಾಣುತ್ತಾರೆ, ಏಕೆಂದರೆ ಅವರು ಒಂದೇ ಸೀಳಿನೊಳಗೆ ಉಳಿದಿರುತ್ತಾರೆ. ಕಾರಿಡಾರ್‌ನ ಕೊನೆಯ ಗೋಡೆಯಲ್ಲಿ ಬಾಗಿಲಿಗೆ ಎದುರಾಗಿ ಕೂರಿಸಿದ ಸೆನ್ಸರ್ ಅರ್ಧ ದಾರಿ ನಡೆದ ಮೇಲೆ ದೀಪ ಹತ್ತಿಸುತ್ತಿದ್ದರೆ ಅದನ್ನು ಪಕ್ಕದ ಗೋಡೆಗೆ ಸರಿಸಿ. ನೆಲದಿಂದ 2 ರಿಂದ 2.4 ಮೀಟರ್ ಎತ್ತರ ಸಾಕು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಗೋಡೆ, ನೆಲ ಎಲ್ಲ ಮೈಯಷ್ಟೇ ಬೆಚ್ಚಗಾದಾಗ ವ್ಯತ್ಯಾಸವೇ ಉಳಿಯುವುದಿಲ್ಲ, ಚಳಿಗಾಲದಲ್ಲಿ 6 ಮೀಟರ್‌ನಿಂದ ಹಿಡಿಯುತ್ತಿದ್ದ ಸೆನ್ಸರ್ ತೀರಾ ಹತ್ತಿರ ಬಂದರೆ ಮಾತ್ರ ಹಿಡಿಯುತ್ತದೆ. ಆಗ ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸುವುದಕ್ಕಿಂತ ಸೆನ್ಸರನ್ನೇ ಬಾಗಿಲ ಹತ್ತಿರಕ್ಕೆ ತರುವುದು ಮೇಲು. ಏರಿಸಿದರೆ ಮಳೆಗಾಲದಲ್ಲಿ ಸುಳ್ಳು ಸುಳ್ಳೇ ಹತ್ತಲು ಶುರುವಾಗುತ್ತದೆ.

ಸುಳ್ಳು ಹತ್ತುವಿಕೆಗೆ ಕಾರಣವೂ ಶಾಖದ ಬದಲಾವಣೆಯೇ. ಏಸಿಯ ಗಾಳಿ ನೇರವಾಗಿ ಬಡಿಯುವ ಜಾಗ, ಒಲೆಯ ಎದುರು, ಫ್ರಿಜ್‌ನ ಬಿಸಿಗಾಳಿ ಏಳುವ ಮೂಲೆ, ಬಿಸಿಲು ಬಿದ್ದು ಅಲ್ಲಾಡುವ ಪರದೆ, ಇವೆಲ್ಲ ಸೆನ್ಸರ್ ಕಣ್ಣಿಗೆ ನಡೆದಾಡುವ ಮನುಷ್ಯರಂತೆಯೇ. ಜಾಗ ಬದಲಿಸಲು ಆಗದಿದ್ದರೆ ಲೆನ್ಸ್‌ನಲ್ಲಿ ಆ ದಿಕ್ಕಿಗಿರುವ ಭಾಗದ ಮೇಲೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ. ಬೆಕ್ಕು, ನಾಯಿ ಓಡಾಡುವ ಮನೆಯಲ್ಲಿ ಲೆನ್ಸ್‌ನ ಕೆಳಸಾಲುಗಳನ್ನು ಹೀಗೇ ಮುಚ್ಚಬಹುದು. ಲೆನ್ಸ್‌ಗೆ ಅಡ್ಡಲಾಗಿ ಜೇಡ ಬಲೆ ಕಟ್ಟಿದೆಯೇ ಎಂದೂ ನೋಡಿ.

ಆದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ತಪ್ಪು ಎಲ್ಲಿದೆ ಎಂದು ಬಿಡಿಸಿಕೊಳ್ಳಬೇಕು. ಸೆನ್ಸರ್, ದೀಪ ಎರಡೂ ಫೋನಿನ ಆಪ್‌ಗೆ ಜೋಡಣೆಯಾಗಿದ್ದರೆ, ಆ ಆಪ್ ತೆರೆದು ಸೆನ್ಸರ್‌ನ ಸ್ಥಿತಿಯನ್ನಷ್ಟೇ ನೋಡುತ್ತಾ ಅದರ ಮುಂದೆ ಓಡಾಡಿ. ಬದಲಾಗುತ್ತಿದ್ದರೆ ಸೆನ್ಸರ್ ಸರಿಯಿದೆ. ನಂತರ ಸೆನ್ಸರ್ ಗೊಡವೆಯಿಲ್ಲದೆ ಆಪ್‌ನಿಂದಲೇ ದೀಪ ಹತ್ತಿಸಿ, ಆರಿಸಿ. ಅದೂ ಸರಿಯಿದ್ದರೆ ಎಡವಟ್ಟು ಇರುವುದು ನೀವು ಬರೆದ ಆಟೊಮೇಶನ್‌ನಲ್ಲಿ, ಅಂದರೆ ಯಾವಾಗ ಏನು ಮಾಡಬೇಕೆಂಬ ಸೂಚನೆಯಲ್ಲಿ.

ಮನೆಯ ಸಾಧನಗಳನ್ನು ಒಂದೆಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್ ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ಚಲನೆ ಕಂಡರೆ ದೀಪ ಹತ್ತಿಸು, 3 ನಿಮಿಷ ಕಾದು ಆರಿಸು’ ಎಂದು ಬರೆದು ಮೋಡ್ ಅನ್ನು ‘ಸಿಂಗಲ್’ ಎಂದೇ ಬಿಟ್ಟರೆ, ಕಾಯುತ್ತಿರುವ 3 ನಿಮಿಷದಲ್ಲಿ ನೀವು ಎಷ್ಟೇ ಓಡಾಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ಹೊತ್ತು ಮುಗಿದೊಡನೆ ದೀಪ ಆರುತ್ತದೆ. ಮೋಡ್ ಅನ್ನು ‘ರೀಸ್ಟಾರ್ಟ್’ ಮಾಡಿದರೆ ಪ್ರತಿ ಹೊಸ ಚಲನೆಗೂ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಇದಕ್ಕಿಂತ ಒಳ್ಳೆಯದು ಎರಡು ಟ್ರಿಗರ್ (ಆಟೊಮೇಶನ್ ಶುರುಮಾಡುವ ಘಟನೆ) ಇಡುವುದು: ಸೆನ್ಸರ್ ‘ಆಫ್’ನಿಂದ ‘ಆನ್’ ಆದರೆ ಹತ್ತಿಸು, ಸತತ 3 ನಿಮಿಷ ‘ಆಫ್’ ಇದ್ದರೆ ಆರಿಸು. ‘ಆಫ್‌ನಿಂದ’ ಎಂಬುದನ್ನು ಬಿಡಬೇಡಿ. ಬಿಟ್ಟರೆ ಕರೆಂಟು ಹೋಗಿ ಬಂದಾಗ ‘ಅನ್‌ಅವೇಲಬಲ್’ ಸ್ಥಿತಿಯಿಂದ ‘ಆನ್’ಗೆ ಜಿಗಿಯುವ ಸೆನ್ಸರ್‌ಗಳೆಲ್ಲ ಮನೆಯ ದೀಪಗಳನ್ನು ಒಟ್ಟಿಗೆ ಹತ್ತಿಸಿಬಿಡುತ್ತವೆ. ಆ 3 ನಿಮಿಷದ ಎಣಿಕೆಯ ನಡುವೆ ಹೋಮ್ ಅಸಿಸ್ಟೆಂಟ್ ಓಡುವ ಸರ್ವರ್ ರೀಸ್ಟಾರ್ಟ್ ಆದರೆ ಎಣಿಕೆ ಅಳಿಸಿಹೋಗಿ ದೀಪ ಬೆಳಗಿನವರೆಗೆ ಉರಿಯಬಹುದು. ಹೀಗಾಗಿ ಸರ್ವರ್ ಎದ್ದೊಡನೆ ಚಲನೆಯಿಲ್ಲದ ಕೋಣೆಗಳ ದೀಪ ಆರಿಸುವ ಇನ್ನೊಂದು ಆಟೊಮೇಶನ್ ಇರಲಿ.

ಬ್ಯಾಟರಿಯಲ್ಲಿ ಓಡುವ ಕೆಲವು ಜಿಗ್ಬೀ (ಕಡಿಮೆ ಕರೆಂಟು ಬಳಸುವ ವೈರ್‌ಲೆಸ್ ಪದ್ಧತಿ) ಸೆನ್ಸರ್‌ಗಳು ಒಮ್ಮೆ ಚಲನೆ ತಿಳಿಸಿದ ಮೇಲೆ ಬ್ಯಾಟರಿ ಉಳಿಸಲು ಒಂದು ನಿಮಿಷದಷ್ಟು ಹೊತ್ತು ಸುಮ್ಮನಿರುತ್ತವೆ. ನೀವು 30 ಸೆಕೆಂಡಿಗೇ ದೀಪ ಆರಿಸುವಂತೆ ಬರೆದಿದ್ದರೆ ಉಳಿದ 30 ಸೆಕೆಂಡು ಕೈ ಬೀಸಿದರೂ ಫಲವಿಲ್ಲ. ಕಾಯುವ ಹೊತ್ತು 2 ನಿಮಿಷಕ್ಕಿಂತ ಕಡಿಮೆ ಬೇಡ.

ಸ್ವಂತವಾಗಿ ಜೋಡಿಸುವವರ ಮೆಚ್ಚಿನ ಎಚ್‌ಸಿ-ಎಸ್‌ಆರ್501 ಎಂಬ ಪಿಐಆರ್ ಬೋರ್ಡಿನದೇ ಬೇರೆ ಕಥೆ. ಅದರಲ್ಲಿ ತಿರುಗಿಸುವ ಎರಡು ಗುಂಡಿಗಳಿವೆ. ಒಂದು ದೂರಕ್ಕೆ, ಸುಮಾರು 3 ರಿಂದ 7 ಮೀಟರ್. ಇನ್ನೊಂದು ಹೊತ್ತಿಗೆ, ಕೆಲವು ಸೆಕೆಂಡಿನಿಂದ ಸುಮಾರು 5 ನಿಮಿಷದವರೆಗೆ. ಮೂಲೆಯಲ್ಲಿರುವ ಪುಟ್ಟ ಜಂಪರ್ (ಎರಡು ಪಿನ್‌ಗಳನ್ನು ಜೋಡಿಸುವ ತುಂಡು) ‘ಎಲ್’ನಲ್ಲಿದ್ದರೆ ನೀವು ಓಡಾಡುತ್ತಿದ್ದರೂ ಹೊತ್ತು ಮುಗಿದೊಡನೆ ಔಟ್‌ಪುಟ್ ಬೀಳುತ್ತದೆ, ಅದನ್ನು ‘ಎಚ್’ಗೆ ಹಾಕಿ. ಔಟ್‌ಪುಟ್ ಪಿನ್‌ಗೆ ಮಲ್ಟಿಮೀಟರ್ ಹಿಡಿದರೆ ಚಲನೆಯಿದ್ದಾಗ 3.3 ವೋಲ್ಟ್, ಇಲ್ಲದಾಗ 0 ಕಾಣಬೇಕು. ಹಾಗೆಂದು ಬೋರ್ಡಿಗೇ 3.3 ವೋಲ್ಟ್ ಕೊಡಬಾರದು, 5 ವೋಲ್ಟ್ ಕೊಡಿ. ಕರೆಂಟು ಕೊಟ್ಟ ಮೊದಲ ಒಂದು ನಿಮಿಷ ಅದು ಹೇಳುವುದನ್ನು ನಂಬಬೇಡಿ, ಆ ಹೊತ್ತಿನಲ್ಲಿ ಅದು ಕೋಣೆಯ ಶಾಖಕ್ಕೆ ಒಗ್ಗಿಕೊಳ್ಳುತ್ತಿರುತ್ತದೆ. ವೈಫೈ ಚಿಪ್‌ಗೆ ಅಂಟಿಸಿದಂತೆ ಇಟ್ಟರೂ ಸುಳ್ಳು ಸಂಕೇತ ಬರುತ್ತದೆ. ಉದ್ದದ ವೈರ್ ಹಾಕಿ ದೂರವಿಡಿ, ಇಲ್ಲವೇ ಈ ತೊಂದರೆ ಕಡಿಮೆಯಿರುವ ಎಎಂ312 ಎಂಬ ಇನ್ನೊಂದು ಪಿಐಆರ್ ಸೆನ್ಸರ್ ಬಳಸಿ.

ಓದುವ ಕೋಣೆಗೂ ಬಾತ್‌ರೂಮಿಗೂ ಪಿಐಆರ್ ಒಂದೇ ಸಾಲದು. ಅಲ್ಲಿಗೆ 24 ಗಿಗಾಹರ್ಟ್ಸ್‌ನ ಎಲ್‌ಡಿ2410ನಂಥ ರಾಡಾರ್ ಸೆನ್ಸರ್ ಬೇಕು. ಅದು ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಹಿಡಿಯುತ್ತದೆ. ತಿರುಗುವ ಫ್ಯಾನನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯುತ್ತದೆ, ಪ್ಲೈವುಡ್ ಗೋಡೆಯಾಚೆ ಇರುವವರನ್ನೂ. ಅದು ದೂರವನ್ನು 75 ಸೆಂಟಿಮೀಟರ್‌ನ ಪಟ್ಟೆಗಳಾಗಿ ನೋಡುವುದರಿಂದ ಫ್ಯಾನ್ ಇರುವ ಪಟ್ಟೆಯ ಸೆನ್ಸಿಟಿವಿಟಿಯನ್ನಷ್ಟೇ ತಗ್ಗಿಸಬಹುದು. ದೀಪ ಹತ್ತಿಸಲು ಪಿಐಆರ್, ಹತ್ತಿದ ದೀಪವನ್ನು ಉಳಿಸಿಕೊಳ್ಳಲು ರಾಡಾರ್: ಈ ಜೋಡಿಗಿಂತ ನೆಮ್ಮದಿಯ ಏರ್ಪಾಡು ಸದ್ಯಕ್ಕಿಲ್ಲ.

ದೀಪ ಬಿಟ್ಟುಬಿಟ್ಟು ಮಿನುಗುತ್ತಿದ್ದರೆ ಬೆಳಕು ಅಳೆಯುವ ಎಲ್‌ಡಿಆರ್ ಮೇಲೆ ಅದೇ ದೀಪದ ಬೆಳಕು ಬೀಳುತ್ತಿರಬಹುದು. ಹತ್ತಿದೊಡನೆ ಹಗಲಾಯಿತೆಂದು ಆರಿಸುತ್ತದೆ, ಆರಿದೊಡನೆ ಕತ್ತಲಾಯಿತೆಂದು ಹತ್ತಿಸುತ್ತದೆ. ಬೆಳಕಿನ ಅಳತೆಯನ್ನು ಹತ್ತಿಸುವಾಗ ಮಾತ್ರ ಕೇಳಿ, ಆರಿಸಲು ಬಳಸಬೇಡಿ.

ಆರಿಸಿದ ಮೇಲೂ ಎಲ್‌ಇಡಿ ಮಂದವಾಗಿ ಉರಿಯುತ್ತಿದ್ದರೆ ಅದು ವೈರಿಂಗ್ ಮಾತು. ನಮ್ಮ ಎಷ್ಟೋ ಸ್ವಿಚ್‌ಬೋರ್ಡ್‌ಗಳಿಗೆ ನ್ಯೂಟ್ರಲ್ (ಕರೆಂಟು ಮರಳುವ ವೈರ್) ಎಳೆದಿರುವುದಿಲ್ಲ. ಎರಡೇ ವೈರಿನ ಸೆನ್ಸರ್ ಸ್ವಿಚ್ ತನಗೆ ಬೇಕಾದ ಚೂರು ಕರೆಂಟನ್ನು ದೀಪದ ಮೂಲಕವೇ ಎಳೆಯುತ್ತದೆ, ಎಲ್‌ಇಡಿ ಹೊಳೆಯಲು ಅಷ್ಟೇ ಸಾಕು. ನ್ಯೂಟ್ರಲ್ ಎಳೆಸಿ ಮೂರು ವೈರಿನ ಸೆನ್ಸರ್ ಹಾಕಿಸುವುದೇ ಸರಿಯಾದ ದಾರಿ. ದೀಪ ಆರುವುದೇ ಇಲ್ಲ, ಸೆನ್ಸರ್ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರೆ ಆರುತ್ತದೆ ಎಂದಾದರೆ ದೀಪಕ್ಕೆ ಕರೆಂಟು ಕೊಟ್ಟು ಕಡಿಯುವ ರಿಲೇಯ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿವೆ. ಹಲವು ಎಲ್‌ಇಡಿ ಡ್ರೈವರ್‌ಗಳು (ದೀಪಕ್ಕೆ ಬೇಕಾದಂತೆ ಕರೆಂಟು ಹದಮಾಡುವ ಭಾಗಗಳು) ಒಟ್ಟಿಗೆ ಆನ್ ಆಗುವ ಕ್ಷಣದಲ್ಲಿ ಅವುಗಳ ಕೆಪಾಸಿಟರ್‌ಗಳು ಎಳೆಯುವ ಕರೆಂಟು ಮಾಮೂಲಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. 10 ಆಂಪಿಯರ್ ಎಂದು ಬರೆದ ರಿಲೇಯೂ ಕ್ರಮೇಣ ಸೋಲುತ್ತದೆ. ತಟ್ಟಿ ತಟ್ಟಿ ದಿನ ದೂಡಬೇಡಿ. ಎಂಸಿಬಿ (ಮೇನ್ ಬೋರ್ಡಿನ ಸರ್ಕ್ಯೂಟ್ ಬ್ರೇಕರ್) ಇಳಿಸಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ ರಿಲೇ ಬದಲಿಸಿ, ದೀಪಗಳನ್ನು ಎರಡು ರಿಲೇಗಳಿಗೆ ಹಂಚಿಸಿ.